ಹುತ್ತ ಕಟ್ಟಿದವರು

ಕ್ರೋಮ್, ಸಫಾರಿ, ಎಡ್ಜ್ – ಈ ಮೂರರಲ್ಲಿ ಯಾವ ಬ್ರೌಸರಿನಿಂದ ಜಾಲತಾಣ ತೆರೆದರೂ ಅದು ಆ ತಾಣದ ಸರ್ವರಿಗೆ ಒಂದು ಸಾಲಿನಲ್ಲಿ ತನ್ನ ಪರಿಚಯ ಹೇಳಿಕೊಳ್ಳುತ್ತದೆ. ನಮ್ಮ ಕಣ್ಣಿಗೆ ಬೀಳದ ಆ ಸಾಲಿನ ನಡುವೆ 'ಕೆಎಚ್‌ಟಿಎಂಎಲ್' ಎಂಬ ಹೆಸರಿದೆ. ಆ ಹೆಸರಿನ ತಂತ್ರಾಂಶ ಈಗ ಮೂಲೆ ಸೇರಿದೆ. ಆದರೂ ಮೂರು ದೈತ್ಯ ಕಂಪನಿಗಳ ಬ್ರೌಸರುಗಳು ದಿನವೂ ಅದರ ಹೆಸರು ಹೇಳುತ್ತಲೇ ಇವೆ. ಇದು ಅಲ್ಲಿಗೆ ಬಂದದ್ದು ಹೇಗೆ ಎಂದು ಹುಡುಕುತ್ತ ಹೋದಾಗ ನನಗೆ ಸಿಕ್ಕಿದ್ದು, ಎಲ್ಲರಿಗೂ ಸೇರಿದ ಕೋಡಿನ ಮೇಲೆ ಕಂಪನಿಗಳು ತಮ್ಮ ಸರಕನ್ನು ಕಟ್ಟಿದ ಇತಿಹಾಸ.

1996ರಲ್ಲಿ ಮಥಿಯಾಸ್ ಎಟ್ರಿಷ್ ಎಂಬ ಜರ್ಮನಿಯ ವಿದ್ಯಾರ್ಥಿ ಕೆಡಿಇ ಎಂಬ ಯೋಜನೆ ಆರಂಭಿಸಿದ. ಯುನಿಕ್ಸ್, ಲಿನಕ್ಸ್ ಕಂಪ್ಯೂಟರುಗಳನ್ನು ಸಾಮಾನ್ಯರೂ ಸಲೀಸಾಗಿ ಬಳಸುವಂತಾಗಬೇಕು ಎಂಬುದು ಅವನ ಆಸೆ. ಬೇರೆ ಬೇರೆ ದೇಶಗಳ ಸ್ವಯಂಸೇವಕರು ಸೇರಿಕೊಂಡರು. ಜಾಲಪುಟಗಳನ್ನು ಓದಿ ತೆರೆಯ ಮೇಲೆ ಮೂಡಿಸುವ ಎಂಜಿನ್ ಒಂದು ಅವರಿಗೆ ಬೇಕಾಗಿತ್ತು. 1998ರಲ್ಲಿ ಶುರುವಾದ ಆ ಕೆಲಸವನ್ನು ಮರುವರ್ಷ ಲಾರ್ಸ್ ನೋಲ್ ಮತ್ತು ಜೊತೆಗಾರರು ಬಹುಪಾಲು ಹೊಸದಾಗಿ ಬರೆದರು. ಅದೇ ಕೆಎಚ್‌ಟಿಎಂಎಲ್. 2000ದ ಅಕ್ಟೋಬರಿನಲ್ಲಿ ಕಾಂಕರರ್ ಬ್ರೌಸರಿನೊಳಗೆ ಅದು ಜನರ ಕೈಗೆ ಬಂತು.

ಅದರ ಲೈಸೆನ್ಸ್ ಎಲ್‌ಜಿಪಿಎಲ್. ಅದರ ಸಾರ ಇಷ್ಟು: ಯಾರು ಬೇಕಾದರೂ ಇದನ್ನು ಬಳಸಬಹುದು, ಮಾರುವ ಸರಕಿನೊಳಗೂ ಸೇರಿಸಬಹುದು. ಆದರೆ ಈ ಭಾಗವನ್ನು ತಿದ್ದಿ ಹಂಚಿದರೆ, ತಿದ್ದಿದ ಕೋಡನ್ನೂ ಕೊಡಬೇಕು. ಅದರ ಸುತ್ತ ಕಟ್ಟಿಕೊಂಡ ಉಳಿದದ್ದನ್ನು ಮುಚ್ಚಿಟ್ಟುಕೊಳ್ಳಲು ಅಡ್ಡಿಯಿಲ್ಲ.

ಆಗ ಆಪಲ್ ಇಕ್ಕಟ್ಟಿನಲ್ಲಿತ್ತು. 1997ರಲ್ಲಿ ಮೈಕ್ರೋಸಾಫ್ಟ್ ಅದರಲ್ಲಿ 15 ಕೋಟಿ ಡಾಲರ್ ಹೂಡಿತ್ತು. ಆ ಒಪ್ಪಂದದ ಭಾಗವಾಗಿ ಐದು ವರ್ಷ ಮ್ಯಾಕ್‌ನ ಮುಖ್ಯ ಬ್ರೌಸರ್ ಮೈಕ್ರೋಸಾಫ್ಟಿನ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಆಗಬೇಕಿತ್ತು. ಎದುರಾಳಿಯ ಕಿಟಕಿಯಿಂದಲೇ ಜಗತ್ತನ್ನು ನೋಡುವ ಪಾಡು. 2003ರ ಜನವರಿ 7ರಂದು ಸ್ಟೀವ್ ಜಾಬ್ಸ್ ಸಫಾರಿಯನ್ನು ಪ್ರಕಟಿಸಿದಾಗ, ಅದರ ಒಳಗಿದ್ದದ್ದು ಕೆಎಚ್‌ಟಿಎಂಎಲ್. ಸಫಾರಿ ತಂಡದ ಮುಖ್ಯಸ್ಥ ಡಾನ್ ಮೆಲ್ಟನ್ ಅದೇ ದಿನ ಕೆಡಿಇ ತಂಡಕ್ಕೆ ಪತ್ರ ಬರೆದು ವಿಷಯ ತಿಳಿಸಿದ. ಆ ಕೋಡು 1,40,000 ಸಾಲುಗಳಿಗಿಂತ ಚಿಕ್ಕದು ಎಂಬುದು ಅದನ್ನು ಆರಿಸಲು ಅವನು ಕೊಟ್ಟ ಕಾರಣಗಳಲ್ಲೊಂದು. ಸ್ವಯಂಸೇವಕರು ಅಚ್ಚುಕಟ್ಟಾಗಿ, ಮಿತವಾಗಿ ಬರೆದದ್ದೇ ಕಂಪನಿಗೆ ಆಕರ್ಷಣೆಯಾಯಿತು.

ಹಿಗ್ಗು ಬಹಳ ಕಾಲ ಉಳಿಯಲಿಲ್ಲ. ಆಪಲ್ ಲೈಸೆನ್ಸಿನ ಮಾತಿಗೆ ತಪ್ಪಲಿಲ್ಲ, ತಿದ್ದಿದ ಕೋಡನ್ನು ಕೊಟ್ಟಿತು. ಆದರೆ ಕೊಟ್ಟದ್ದು ದೊಡ್ಡ ದೊಡ್ಡ ಗಂಟುಗಳಲ್ಲಿ. ಯಾವ ತಿದ್ದುಪಡಿ ಯಾವ ದೋಷಕ್ಕೆ, ಅದನ್ನು ಏಕೆ ಮಾಡಿದರು ಎಂದು ಬಿಡಿಸಿಕೊಳ್ಳುವುದೇ ಕಷ್ಟ. ಮೇಲಾಗಿ ಎಷ್ಟೋ ಬದಲಾವಣೆಗಳು ಮ್ಯಾಕ್‌ಗೆ ಮಾತ್ರ ಹೊಂದುವಂಥವು. 2005ರ ಏಪ್ರಿಲ್‌ನಲ್ಲಿ ಸಫಾರಿ ತಂಡ 'ಆಸಿಡ್2' ಎಂಬ ಕಠಿಣ ಪರೀಕ್ಷೆ ಗೆದ್ದಾಗ, ಕಾಂಕರರ್‌ಗೂ ಆ ಸುಧಾರಣೆ ಯಾವಾಗ ಬರುತ್ತದೆ ಎಂದು ಜನ ಕೇಳತೊಡಗಿದರು. ಕೆಡಿಇಯವರ ಬೇಸರ ಆಗ ಬಹಿರಂಗವಾಯಿತು. ಜೂನ್‌ನಲ್ಲಿ ಆಪಲ್ ತನ್ನ ಕವಲಾದ ವೆಬ್‌ಕಿಟ್‌ನ ಕೆಲಸದ ಮನೆಯನ್ನೇ ತೆರೆಯಿತು: ಕೋಡಿನ ಪ್ರತಿ ಬದಲಾವಣೆ, ದೋಷಗಳ ಪಟ್ಟಿ ಎಲ್ಲವೂ ಎಲ್ಲರಿಗೂ ಕಾಣುವಂತಾಯಿತು. ಕಾನೂನು ತರಲಾಗದ್ದನ್ನು ಬೇಸರದ ಮಾತು ತಂದಿತು.

ಬಾಗಿಲು ತೆರೆದ ಮೇಲೆ ಬೇರೆಯವರೂ ಬಂದರು. 2008ರ ಸೆಪ್ಟೆಂಬರಿನಲ್ಲಿ ಗೂಗಲ್ ಇದೇ ವೆಬ್‌ಕಿಟ್ ಮೇಲೆ ಕ್ರೋಮ್ ಕಟ್ಟಿತು. 2013ರ ಏಪ್ರಿಲ್‌ನಲ್ಲಿ ಆಪಲ್‌ನಿಂದ ಬೇರೆಯಾಗಿ ಬ್ಲಿಂಕ್ ಎಂಬ ತನ್ನದೇ ಕವಲು ಮಾಡಿಕೊಂಡಿತು. 2018ರ ಡಿಸೆಂಬರಿನಲ್ಲಿ ಮೈಕ್ರೋಸಾಫ್ಟ್ ತನ್ನ ಸ್ವಂತ ಎಂಜಿನ್ ಕೈಬಿಟ್ಟು ಎಡ್ಜ್ ಅನ್ನು ಗೂಗಲ್‌ನ ಕೋಡಿನ ಮೇಲೆ ಕಟ್ಟುವುದಾಗಿ ಹೇಳಿತು. ಒಂದು ಕಾಲಕ್ಕೆ ಆಪಲ್ ತಪ್ಪಿಸಿಕೊಳ್ಳಲು ಹವಣಿಸಿದ್ದ ಕಂಪನಿಯೇ ಅದೇ ಬೇರಿನ ಮರದ ಕೆಳಗೆ ಬಂದು ನಿಂತಿತು. ಇತ್ತ ಕೆಡಿಇಯೇ ಜಾಲಪುಟಗಳಿಗಾಗಿ ವೆಬ್‌ಕಿಟ್, ಬ್ಲಿಂಕ್‌ಗಳ ಕಡೆ ಹೊರಳಿತು. 2024ರಲ್ಲಿ ಬಂದ ಕೆಡಿಇಯ ಆರನೆಯ ಪೀಳಿಗೆಯಲ್ಲಿ ಕೆಎಚ್‌ಟಿಎಂಎಲ್ ಇಲ್ಲ.

ಗೆದ್ದಲು ಕಟ್ಟಿದ ಹುತ್ತ ಹಾವಿನ ಮನೆಯಾಯಿತು ಎಂಬ ಗಾದೆ ಇಲ್ಲಿ ಥಟ್ಟನೆ ನೆನಪಾಗುತ್ತದೆ. ಆದರೆ ಅದು ಪೂರ್ತಿ ಹೊಂದುವುದಿಲ್ಲ. ಹಾವು ಹೊಕ್ಕ ಹುತ್ತದಲ್ಲಿ ಗೆದ್ದಲಿಗೆ ಜಾಗವಿಲ್ಲ. ಕೋಡು ಹಾಗಲ್ಲ, ಆಪಲ್ ಎತ್ತಿಕೊಂಡ ಮೇಲೂ ಕೆಡಿಇ ಬಳಿ ಅದು ಹಾಗೆಯೇ ಇತ್ತು. ಕಳೆದುಹೋದದ್ದು ಬೇರೆ: ದಾರಿ ನಿರ್ಧರಿಸುವ ಅಧಿಕಾರ. ನೂರಾರು ಎಂಜಿನಿಯರುಗಳಿಗೆ ಸಂಬಳ ಕೊಡಬಲ್ಲವರು ಓಡುವ ವೇಗಕ್ಕೆ, ಬಿಡುವಿನ ವೇಳೆಯಲ್ಲಿ ಬರೆಯುವವರು ಹೆಜ್ಜೆ ಹಾಕಲಾರರು. ಕೋಡನ್ನು ಓದುವ, ತಿದ್ದುವ ಹಕ್ಕು ಇಂದಿಗೂ ಎಲ್ಲರದ್ದು. ಜಾಲ ನಾಳೆ ಹೇಗಿರಬೇಕು ಎಂಬ ತೀರ್ಮಾನ ಮಾತ್ರ ಕೆಲವರದ್ದು. ಈಗ ವ್ಯಾಪಕ ಬಳಕೆಯಲ್ಲಿರುವ ಎಂಜಿನ್‌ಗಳು ಮೂರೇ: ಬ್ಲಿಂಕ್, ವೆಬ್‌ಕಿಟ್, ಫೈರ್‌ಫಾಕ್ಸ್‌ನ ಗೆಕ್ಕೊ. ಮೊದಲೆರಡೂ ಕೆಎಚ್‌ಟಿಎಂಎಲ್ ಸಂತಾನ.

ಹಾಗೆಂದು ಕಂಪನಿಗಳನ್ನು ಹೊರಗಿಡಬೇಕಿತ್ತು ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್‌ಗಳಲ್ಲಿ ಕನ್ನಡದ ಒತ್ತಕ್ಷರಗಳನ್ನು ಸರಿಯಾದ ಜಾಗಕ್ಕೆ ಕೂರಿಸುವುದು ಹಾರ್ಫ್‌ಬಝ್ ಎಂಬ ಮುಕ್ತ ತಂತ್ರಾಂಶ. ಲಿನಕ್ಸ್ ಬಳಸುವ ಕನ್ನಡಿಗರಿಗೆ ಪರಿಚಿತವಾದ ಲೋಹಿತ್ ಕನ್ನಡ ಫಾಂಟನ್ನು ಮುಕ್ತವಾಗಿ ಕೊಟ್ಟದ್ದು ರೆಡ್ ಹ್ಯಾಟ್ ಎಂಬ ಕಂಪನಿ. ಲಾಭಕ್ಕೆಂದು ಬಂದವರ ಕೈಯಿಂದಲೂ ನಮ್ಮ ಭಾಷೆಗೆ ಪ್ರಯೋಜನವಾಗಿದೆ. ಆದ್ದರಿಂದ ನಾವು ಕೇಳಬೇಕಾದ ಪ್ರಶ್ನೆ, ಕಂಪನಿ ಕೋಡನ್ನು ಮರಳಿಸಿತೇ ಎಂಬಲ್ಲಿಗೆ ನಿಲ್ಲಬಾರದು. ಅದನ್ನು ಮೊದಲು ಕಟ್ಟಿದವರಿಗೆ ಮುಂದಿನ ಮಾತುಕತೆಯಲ್ಲಿ ಜಾಗ ಉಳಿಯಿತೇ ಎಂದೂ ಕೇಳಬೇಕು. ಕೆಎಚ್‌ಟಿಎಂಎಲ್ ಕಟ್ಟಿದವರಿಗೆ ಉಳಿದದ್ದು ಪರಿಚಯದ ಸಾಲಿನಲ್ಲೊಂದು ಹೆಸರು. ಅದನ್ನೂ ಅಳಿಸದೆ ಬಿಟ್ಟದ್ದು ಕೃತಜ್ಞತೆಯಿಂದಲ್ಲ. ತೆಗೆದರೆ ಹಳೆಯ ಜಾಲತಾಣಗಳು ಕೆಟ್ಟು ನಿಂತಾವು ಎಂಬ ಅಂಜಿಕೆಯಿಂದ.