ಎರಡನೇ ಹಗ್ಗದ ಕಥೆ

ಮುಂಬೈಯಲ್ಲಿ ಮಳೆಗಾಲ ಮುಗಿಯಿತೆಂದರೆ ಸೊಸೈಟಿ ಕಟ್ಟಡಗಳಿಗೆ ಬಣ್ಣ ಬಳಿಯುವ ಕಾಲ. ಹತ್ತನೇ ಮಹಡಿಯ ಹೊರಗೋಡೆಗೆ ಹಲಗೆಯೊಂದು ಜೋತಾಡುತ್ತಿರುತ್ತದೆ. ಇಲ್ಲಿನವರು ಅದಕ್ಕೆ ಝೂಲಾ ಅನ್ನುತ್ತಾರೆ. ಅದರ ಮೇಲೆ ಕೂತವನ ಮೈಗೆ ಬೇರೊಂದು ಹಗ್ಗ ಕಟ್ಟಿದೆಯೇ ಎಂದು ನಾವು ಎಷ್ಟು ಜನ ನೋಡುತ್ತೇವೆ? ಆ ಎರಡನೇ ಹಗ್ಗಕ್ಕೂ ಒಂದು ಇತಿಹಾಸವಿದೆ.

ಎತ್ತರದ ದುಡಿಮೆ ನಮಗೇನೂ ಹೊಸತಲ್ಲ. ಮಲೆನಾಡಿನ ಕೊನೆಗೌಡ ಕಾಲಿಗೆ ಹಗ್ಗದ ಕುಣಿಕೆ ಹಾಕಿಕೊಂಡು ಅಡಿಕೆ ಮರ ಏರಿ, ಅಲ್ಲಿಂದಲೇ ಪಕ್ಕದ ಮರಕ್ಕೆ ದಾಟುತ್ತಾನಲ್ಲ! ಆದರೆ ಅವನಿಗೆ ರಟ್ಟೆಯೇ ವಿಮೆ. ಹಗ್ಗದ ಕೆಲಸ ಇಂದಿನ ಶಾಸ್ತ್ರದ ರೂಪ ಪಡೆದದ್ದು ಯುರೋಪಿನ ಬೆಟ್ಟ, ಗುಹೆಗಳಲ್ಲಿ.

1931ರಲ್ಲಿ ಆಸ್ಟ್ರಿಯಾದ ಪರ್ವತಾರೋಹಿ ಕಾರ್ಲ್ ಪ್ರುಸಿಕ್ ಒಂದು ಗಂಟನ್ನು ಪರಿಚಯಿಸಿದ. ದಪ್ಪ ಹಗ್ಗಕ್ಕೆ ಸಣ್ಣ ಹುರಿ ಸುತ್ತಿದರಾಯಿತು. ಭಾರ ಬಿದ್ದರೆ ಬಿಗಿಯುತ್ತದೆ, ಭಾರ ತೆಗೆದರೆ ಮೇಲೆ ಸರಿಸಬಹುದು. 1958ರಲ್ಲಿ ಇದೇ ಕೆಲಸಕ್ಕೆ ಲೋಹದ ಹಿಡಿ ಬಂತು. ಹದ್ದುಗಳ ಅಧ್ಯಯನ ಮಾಡುತ್ತಿದ್ದ ಸ್ವಿಟ್ಜರ್ಲೆಂಡಿನ ಯೂಸಿಗಾಗಿ ಮಾರ್ಟಿ ಎಂಬಾತ ಮಾಡಿಕೊಟ್ಟದ್ದು. ಇಬ್ಬರ ಹೆಸರನ್ನೂ ಕೂಡಿಸಿ ಅದನ್ನು ‘ಜುಮಾರ್’ ಎಂದರು. ಹಗ್ಗವೂ ಬದಲಾಯಿತು. ನೆನೆದು ಕೊಳೆಯುವ ನಾರಿನ ಹಗ್ಗದ ಜಾಗಕ್ಕೆ ನೈಲಾನ್ ಬಂತು. 1953ರಲ್ಲಿ ಜರ್ಮನಿಯ ಎಡೆಲ್‌ರಿಡ್ ಕಂಪನಿ, ಒಳಗೆ ಭಾರ ಹೊರುವ ಎಳೆಗಳು, ಹೊರಗೆ ಅವನ್ನು ಕಾಯುವ ಹೆಣೆದ ಕವಚ ಇರುವ ಹಗ್ಗ ತಂದಿತು. ಇಂದಿಗೂ ಅದೇ ಮಾದರಿ.

ಆಳದ ಗುಹೆಗಳಿಗೆ ಇಳಿಯುವವರು ಏಣಿಗಳನ್ನು ಬಿಟ್ಟು, ಒಂದೇ ಹಗ್ಗದಲ್ಲಿ ಇಳಿದು ಹತ್ತುವುದನ್ನು ರೂಢಿ ಮಾಡಿಕೊಂಡರು. ಹೆಸರೇ ‘ಸಿಂಗಲ್ ರೋಪ್ ಟೆಕ್ನಿಕ್’. 1980ರ ದಶಕದಲ್ಲಿ ಬ್ರಿಟನ್ನಿನಲ್ಲಿ ಈ ವಿದ್ಯೆ ಸಮುದ್ರದ ತೈಲ ಸ್ಥಾವರಗಳಿಗೆ, ಕಟ್ಟಡಗಳಿಗೆ ಬಂತು. ಸಾರುವೆ ಕಟ್ಟುವ ಖರ್ಚೂ ಉಳಿಯಿತು, ದಿನಗಳೂ ಉಳಿದವು.

ಆದರೆ ಗುಹೆಗೆ ಇಳಿಯುವವನು ಹವ್ಯಾಸಿ, ಅಪಾಯ ಅವನೇ ಆರಿಸಿಕೊಂಡದ್ದು. ಕೂಲಿಗಾಗಿ ನೇತಾಡುವವನ ಲೆಕ್ಕ ಬೇರೆ. ಪ್ಯಾರಾಪೆಟ್ಟಿನ ಚೂಪು ಅಂಚು, ಕೈಯಲ್ಲಿರುವ ಗ್ರೈಂಡರ್, ಗೋಡೆ ತೊಳೆಯುವ ಆಸಿಡ್, ಯಾವುದಾದರೂ ಹಗ್ಗ ಕತ್ತರಿಸಬಹುದು. ಅದಕ್ಕೇ ಆ ದಶಕದ ಕೊನೆಯಲ್ಲಿ ಹುಟ್ಟಿದ ಇರಾಟಾ ಸಂಘದ ಪದ್ಧತಿಯಲ್ಲಿ ಎರಡು ಹಗ್ಗ. ಒಂದು ಕೆಲಸಕ್ಕೆ, ಇನ್ನೊಂದು ಜೀವಕ್ಕೆ. ಎರಡನ್ನೂ ಬೇರೆ ಬೇರೆ ಕಡೆ ಬಿಗಿಯಬೇಕು. ಬ್ರಿಟನ್ 2005ರಲ್ಲಿ ಇದನ್ನು ಕಾನೂನಿನಲ್ಲೇ ಬರೆಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ಬೀಳದೆ ಉಳಿದವನಿಗೂ ಗಂಡಾಂತರವಿದೆ. ಪ್ರಜ್ಞೆ ತಪ್ಪಿ ಬೆಲ್ಟಿನಲ್ಲಿ ಅಲ್ಲಾಡದೆ ನೇತಾಡಿದರೆ ಕಾಲಿನ ರಕ್ತ ಹೃದಯಕ್ಕೆ ಸರಿಯಾಗಿ ಮರಳುವುದಿಲ್ಲ. ನಿಮಿಷಗಳಲ್ಲೇ ಪ್ರಾಣಕ್ಕೆ ಕುತ್ತು ಬರಬಹುದು. ಫೈರ್ ಬ್ರಿಗೇಡ್ ಟ್ರಾಫಿಕ್ ದಾಟಿ ಬರುವ ತನಕ ಕಾಯುವ ಹಾಗಿಲ್ಲ. ಹೀಗಾಗಿ ಇರಾಟಾ ಪದ್ಧತಿಯಲ್ಲಿ ಒಬ್ಬನೇ ಹಗ್ಗಕ್ಕೆ ಇಳಿಯುವಂತಿಲ್ಲ. ತಂಡದಲ್ಲಿ ಮೂರನೇ ದರ್ಜೆಯ ಮೇಲ್ವಿಚಾರಕ ಇರಲೇಬೇಕು. ಸಿಕ್ಕಿಬಿದ್ದವನನ್ನು ಇಳಿಸುವ ವಿದ್ಯೆ ಅವನಿಗೆ ಗೊತ್ತಿರಬೇಕು.

ನಮ್ಮಲ್ಲಿ ಬಹಳ ಜನ ಇವತ್ತು ಯಾವುದೋ ಸೊಸೈಟಿಯ ಕಮಿಟಿಯಲ್ಲಿದ್ದೇವೆ. ಪೇಂಟಿಂಗ್ ಕೊಟೇಶನ್‌ಗಳು ಬಂದಾಗ ಕಡಿಮೆ ರೇಟಿನದನ್ನೇ ಆರಿಸುತ್ತೇವೆ. ಆ ರೇಟು ಹೇಗೆ ಕಡಿಮೆಯಾಯಿತು ಎಂದು ಕೇಳುವುದಿಲ್ಲ. ಎರಡೇ ಪ್ರಶ್ನೆ ಕೇಳಿ ನೋಡಿ: ಎರಡನೇ ಹಗ್ಗ ಎಲ್ಲಿ ಕಟ್ಟುತ್ತೀರಿ? ಅವನು ನಡುವೆ ಸಿಕ್ಕಿಕೊಂಡರೆ ಇಳಿಸುವವರು ಯಾರು? ಉತ್ತರ ಬರದಿದ್ದರೆ ಸಹಿ ಹಾಕಬೇಡಿ.