ಮೇಜನ್ನು ಬಿಟ್ಟು ಕುಲುಮೆಗೆ

ಮಧುಗಿರಿ, ಕೊರಟಗೆರೆ ಸೀಮೆಯ ಹಳ್ಳಗಳಲ್ಲಿ ಮಳೆಗಾಲದ ನೀರು ಬೆಟ್ಟಗಳಿಂದ ಇಳಿಸಿ ತರುತ್ತಿದ್ದ ಕರಿಯ ಮರಳನ್ನು ಒಂದು ಕಾಲದಲ್ಲಿ ಯಾರೂ ಕಸವೆಂದು ಎಣಿಸುತ್ತಿರಲಿಲ್ಲ. ಅದು ಕಬ್ಬಿಣದ ಅದಿರು. 1800ನೆಯ ಇಸವಿಯಲ್ಲಿ ಮೈಸೂರು ಸಂಸ್ಥಾನದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಈ ಭಾಗಕ್ಕೂ ಬಂದು, ಆ ಮರಳನ್ನು ತೊಳೆದು ಕರಗಿಸಿ ಕಬ್ಬಿಣ ತೆಗೆಯುವ ಬಗೆಯನ್ನೂ, ಆ ಕಬ್ಬಿಣವನ್ನು ತಂಗಡಿಯ ಕಡ್ಡಿ ಮತ್ತು ಹಸಿಯ ಎಲೆಗಳೊಡನೆ ಮಣ್ಣಿನ ಮೂಸೆಯಲ್ಲಿ ಮುಚ್ಚಿ ಕಾಯಿಸಿ ಉಕ್ಕು ಮಾಡುವ ಬಗೆಯನ್ನೂ ವಿವರವಾಗಿ ಬರೆದಿಟ್ಟನು. ಬರೆದವನು ಪರದೇಶದವನು; ಮಾಡುತ್ತಿದ್ದವರು ಅಕ್ಷರವರಿಯದ ಇಲ್ಲಿಯ ಜನರು.

ಆ ಕುಲುಮೆಗಳು 19ನೆಯ ಶತಮಾನದಲ್ಲಿ ಒಂದೊಂದಾಗಿ ಆರಿಹೋದುವು. ಹಡಗಿನಲ್ಲಿ ಬಂದ ವಿಲಾಯತಿ ಕಬ್ಬಿಣವು ಅಗ್ಗವಾಗಿದ್ದುದು ಅದಕ್ಕೆ ಮುಖ್ಯ ಕಾರಣವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇನ್ನೊಂದು ಸಂಗತಿಯನ್ನೂ ಮರೆಯಲಾಗದು. ಓದು ಬಲ್ಲ ಮನೆತನಗಳ ಮಕ್ಕಳು ತಾಲ್ಲೂಕು ಕಚೇರಿಯ ಗುಮಾಸ್ತಿಕೆಯನ್ನೋ, ಶಾಲೆಯ ಉಪಾಧ್ಯಾಯ ವೃತ್ತಿಯನ್ನೋ, ವಕೀಲಿಯನ್ನೋ ಹಿಡಿದರಲ್ಲದೆ ಕಮ್ಮಾರಸಾಲೆಯ ಹೊಸ್ತಿಲನ್ನು ತುಳಿಯಲಿಲ್ಲ. ಕೈಯಲ್ಲಿದ್ದ ವಿದ್ಯೆಗೆ ಲೆಕ್ಕವೂ ನಕ್ಷೆಯೂ ಕೂಡಿಬರಲಿಲ್ಲ. ಮಸಿ ಹತ್ತಿದ ಕೈಗೆ ದೊರೆತ ಮರ್ಯಾದೆಯು ಇದ್ದಿಲು ಹತ್ತಿದ ಕೈಗೆ ದೊರೆಯಲಿಲ್ಲವೆಂದರೆ ಸಾಕು.

ಈ ಕಟ್ಟನ್ನು ಮುರಿದವರೊಬ್ಬರ ಚರಿತ್ರೆಯು ಕನ್ನಡ ನಾಡಿನ ಉತ್ತರದ ಅಂಚಿನಲ್ಲಿ ದೊರೆಯುತ್ತದೆ. ಲಕ್ಷ್ಮಣರಾವ್ ಕಿರ್ಲೋಸ್ಕರರು 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದರು. ಮನೆಮಾತು ಮರಾಠಿ, ಊರು ಕನ್ನಡದ್ದು. ಚಿತ್ರಕಲೆಯ ಆಸೆಯಿಂದ ಅವರು ಮುಂಬಯಿಗೆ ಹೋಗಿ ಜೆ. ಜೆ. ಕಲಾಶಾಲೆಯನ್ನು ಸೇರಿದರು. ಅಲ್ಲಿ ತಿಳಿದುಬಂದುದೇನೆಂದರೆ, ಅವರ ಕಣ್ಣು ಕೆಲವು ಬಣ್ಣಗಳ ಭೇದವನ್ನು ಗುರುತಿಸಲಾರದು! ವರ್ಣಗಳನ್ನು ಬಿಟ್ಟು ಗೆರೆಗಳನ್ನು ಹಿಡಿದರು. ಯಂತ್ರಗಳ ನಕ್ಷೆ ಬರೆಯುವ ವಿದ್ಯೆಯನ್ನು ಕಲಿತು ವಿಕ್ಟೋರಿಯಾ ಜ್ಯೂಬಿಲಿ ತಾಂತ್ರಿಕ ವಿದ್ಯಾಲಯದಲ್ಲಿ ಉಪಾಧ್ಯಾಯರಾದರು. ತಿಂಗಳಿಗೆ ತಪ್ಪದ ಸಂಬಳ, ಮೇಜು ಕುರ್ಚಿ, ನಾಲ್ವರ ಮುಂದೆ ಹೇಳಿಕೊಳ್ಳಬಹುದಾದ ಹೆಸರು. ಗೃಹಸ್ಥನಿಗೆ ಮತ್ತೇನು ಬೇಕು?

ಅಷ್ಟರಲ್ಲಿ ಅವರಿಗೆ ಬೈಸಿಕಲ್ಲಿನ ಹುಚ್ಚು ಹಿಡಿದಿತ್ತು. ಅಣ್ಣ ರಾಮುವಣ್ಣನವರೊಡನೆ ಕೂಡಿ ಬೆಳಗಾವಿಯಲ್ಲಿ ಬೈಸಿಕಲ್ಲಿನ ವ್ಯಾಪಾರವನ್ನು ಆರಂಭಿಸಿದರು. ಕಿರ್ಲೋಸ್ಕರ ಉದ್ಯಮವು ತನ್ನ ಹುಟ್ಟನ್ನು 1888ರಿಂದ ಎಣಿಸಿಕೊಳ್ಳುವುದು ಇದರಿಂದಲೇ. ತಮ್ಮನು ಮುಂಬಯಿಯಿಂದ ಗಾಡಿಗಳನ್ನು ಕಳುಹಿಸುವನು. ಅಣ್ಣನು ಮಾರುವನು, ಕೊಂಡವರಿಗೆ ಸವಾರಿಯನ್ನೂ ಕಲಿಸುವನು. ಮುಂದೆ ವಿದ್ಯಾಲಯದಲ್ಲಿ ತಮಗೆ ಸಲ್ಲಬೇಕಾಗಿದ್ದ ಬಡ್ತಿಯು ಆಂಗ್ಲೋ-ಇಂಡಿಯನ್ ಒಬ್ಬರಿಗೆ ದೊರೆತಾಗ, ಲಕ್ಷ್ಮಣರಾಯರು ಕೆಲಸಕ್ಕೆ ರಾಜೀನಾಮೆ ಕೊಟ್ಟು ಬೆಳಗಾವಿಗೆ ಬಂದರು. ನಕ್ಷೆಗಳನ್ನು ಬರೆದು ತೋರಿಸುತ್ತಿದ್ದ ಉಪಾಧ್ಯಾಯರು ತಿರುಪು, ಸರಪಳಿ, ಎಣ್ಣೆಗಳ ನಡುವೆ ನಿಂತರು. ಅವಮಾನವೊಂದೇ ಅವರನ್ನು ಅಲ್ಲಿಗೆ ತಂದಿತೆಂದು ತಿಳಿಯುವುದು ಸರಿಯಲ್ಲ. ಅಂಗಡಿಯ ಬಾಗಿಲು ಅದಕ್ಕೆ ಬಹಳ ಮೊದಲೇ ತೆರೆದಿದ್ದಿತು.

ಬೈಸಿಕಲ್ಲಿನಿಂದ ಮೇವು ಕತ್ತರಿಸುವ ಯಂತ್ರಕ್ಕೆ, ಅದರಿಂದ ಕಬ್ಬಿಣದ ನೇಗಿಲಿಗೆ ಅವರ ಕೈ ಸಾಗಿತು. ನೇಗಿಲು ಸಿದ್ಧವಾದುದು 1903ರ ಸುಮಾರಿಗೆ. ಮರದ ನೇಗಿಲು ನೆಲವನ್ನು ಗೀರುವುದು. ಕಬ್ಬಿಣದ್ದು ಆಳಕ್ಕೆ ಇಳಿದು ಮಣ್ಣನ್ನು ಮಗುಚಿ ಕಳೆಯ ಬೇರನ್ನು ಬಿಸಿಲಿಗೆ ಒಡ್ಡುವುದು. ಇಷ್ಟು ಗುಣವಿದ್ದರೂ ಕೊಳ್ಳುವವರಿಲ್ಲ! ಕಬ್ಬಿಣವು ತಾಕಿದರೆ ಭೂಮಿಗೆ ವಿಷವೇರುವುದೆಂದು ರೈತರು ಅಂಜಿದರು. ಮೊದಲನೆಯ ನೇಗಿಲನ್ನು ಮಾರಲು ಎರಡು ವರ್ಷ ಹಿಡಿಯಿತೆಂದು ಹೇಳುತ್ತಾರೆ. ಆ ಎರಡು ವರ್ಷಗಳಲ್ಲಿ ಬಿಟ್ಟುಬಂದ ಸಂಬಳದ ನೆನಪು ಆ ಮನೆಯಲ್ಲಿ ಎಷ್ಟು ಬಾರಿ ಬಂದಿರಬಹುದೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು. ರೈತರ ಅಂಜಿಕೆಯನ್ನು ಮೌಢ್ಯವೆಂದು ನಗುವುದು ಸುಲಭ. ಆದರೆ ಶಿರಾ, ಪಾವಗಡಗಳ ಒಣ ಹೊಲಗಳಲ್ಲಿ ಒಂದು ಹದ ಮಳೆಗಾಗಿ ಮುಗಿಲು ನೋಡುವ ಒಕ್ಕಲಿಗನು ಬಲ್ಲನು: ಕಂಡರಿಯದ ಸಾಧನವನ್ನು ನಂಬಿ ಒಂದು ಬೆಳೆ ಕೆಟ್ಟರೆ ಅದರ ಪೆಟ್ಟು ಬೀಳುವುದು ಮಾರಿದವನಿಗಲ್ಲ.

ಇಷ್ಟು ಸಾಲದೆಂಬಂತೆ, ಊರು ಬೆಳೆಯುವುದಕ್ಕಾಗಿ ಕಾರ್ಖಾನೆಯ ಜಾಗವನ್ನು ಬಿಡಬೇಕಾಗಿ ಬಂದಿತು. ಔಂಧ ಸಂಸ್ಥಾನದ ರಾಜರು ಕುಂಡಲದ ಹತ್ತಿರ ನೆಲವನ್ನೂ 10,000 ರೂಪಾಯಿ ಸಾಲವನ್ನೂ ಕೊಟ್ಟರು. ಪಾಪಾಸುಕಳ್ಳಿ ಬೆಳೆದಿದ್ದ ಆ ಬಂಜರಿನಲ್ಲಿ 1910ರಲ್ಲಿ ಕಿರ್ಲೋಸ್ಕರವಾಡಿಯು ಎದ್ದಿತು.

ಮೈಸೂರು ಸಂಸ್ಥಾನದಲ್ಲಿಯೂ ಇದೇ ಯೋಚನೆಯು ಬೇರೊಂದು ಬಾಗಿಲಿನಿಂದ ಒಳಬಂದಿತು. ವಿಶ್ವೇಶ್ವರಯ್ಯನವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ನೋಡಿಕೊಂಡುದಕ್ಕಾಗಿ ತಮಗೆ ಸಲ್ಲಬೇಕಾದ ಹಣವನ್ನು ತಾವು ತೆಗೆದುಕೊಳ್ಳದೆ, ಯುವಕರಿಗೆ ಕೈಕಸಬು ಕಲಿಸುವ ಶಾಲೆಗೆ ವಿನಿಯೋಗಿಸಬೇಕೆಂದರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಔದ್ಯೋಗಿಕ ಶಾಲೆಯು 1943ರಲ್ಲಿ ತೆರೆಯಿತು. ಅದಕ್ಕೆ ಎರಡು ವರ್ಷ ಮೊದಲು, 1941ರಲ್ಲಿ, ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ ಕಾರ್ಖಾನೆಯು ಸ್ಥಾಪಿತವಾಗಿ ಲೇತುಗಳನ್ನು ಮಾಡತೊಡಗಿತು. ಅದು ಈಗ ನಡೆಯುತ್ತಿಲ್ಲ. ಲಕ್ಷ್ಮಣರಾಯರು 1956ರಲ್ಲಿ ತೀರಿಕೊಂಡರು. ಕೊಳ್ಳುವವರಿಗಾಗಿ ಎರಡು ವರ್ಷ ಕಾದಿದ್ದ ಅವರ ನೇಗಿಲು ಅಷ್ಟರಲ್ಲಿ ಎಷ್ಟೋ ಊರುಗಳ ಹೊಲಗಳನ್ನು ಉತ್ತಿದ್ದಿತು.