ರೇನಾ ರ‍್ಯಾಪ್

ರ‍್ಯಾಪ್, ರೇನಾ (ಜನನ 1946): ಅಮೆರಿಕದ ಮಾನವಶಾಸ್ತ್ರಜ್ಞೆ, ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿಯಾಗಿದ್ದವರು. ಹೆರಿಗೆ, ಗರ್ಭಪಾತ, ಬಂಜೆತನಗಳನ್ನು ಮನೆಯೊಳಗಿನ ಸಂಗತಿಗಳೆಂದು ಬದಿಗಿಟ್ಟಿದ್ದ ಮಾನವಶಾಸ್ತ್ರವನ್ನು ಅವುಗಳ ಕಡೆಗೆ ತಿರುಗಿಸಿದವರಲ್ಲಿ ಪ್ರಮುಖರು. 1975ರಲ್ಲಿ ಅವರು ಸಂಪಾದಿಸಿದ ಪ್ರಬಂಧ ಸಂಕಲನ ಸ್ತ್ರೀವಾದಿ ಮಾನವಶಾಸ್ತ್ರದ ಆರಂಭಿಕ ಗ್ರಂಥಗಳಲ್ಲೊಂದು. ಮಾನವಶಾಸ್ತ್ರಜ್ಞೆ ಗೇಲ್ ರೂಬಿನ್ ಅವರ ಹೆಸರಾಂತ ಪ್ರಬಂಧ ಮೊದಲು ಅಚ್ಚಾದದ್ದು ಅದರಲ್ಲೇ.

ರ‍್ಯಾಪ್ ಅವರ ಮುಖ್ಯ ಕೃತಿ 1999ರಲ್ಲಿ ಪ್ರಕಟವಾದ 'ಟೆಸ್ಟಿಂಗ್ ವಿಮೆನ್, ಟೆಸ್ಟಿಂಗ್ ದ ಫೀಟಸ್'. ಗರ್ಭಚೀಲದ ದ್ರವವನ್ನು ಸೂಜಿಯಿಂದ ತೆಗೆದು ಭ್ರೂಣದ ವರ್ಣತಂತುಗಳನ್ನು ನೋಡುವ ಆಮ್ನಿಯೋಸೆಂಟೆಸಿಸ್ ಪರೀಕ್ಷೆ ಇದರ ವಸ್ತು. ನ್ಯೂಯಾರ್ಕ್ ನಗರದಲ್ಲಿ ವರ್ಷಗಟ್ಟಲೆ ನಡೆಸಿದ ಕ್ಷೇತ್ರಕಾರ್ಯದಲ್ಲಿ ಅವರು ಗರ್ಭಿಣಿಯರ ಜೊತೆಗೆ ಪ್ರಯೋಗಾಲಯದ ಕೆಲಸಗಾರರನ್ನು, ಆಪ್ತಸಮಾಲೋಚಕರನ್ನು, ಡೌನ್ ಸಿಂಡ್ರೋಮ್ ಇರುವ ಮಕ್ಕಳನ್ನು ಸಾಕುತ್ತಿದ್ದ ಕುಟುಂಬಗಳನ್ನೂ ಕಂಡರು. ಪರೀಕ್ಷೆಯನ್ನು ಒಪ್ಪಿದವರಷ್ಟೇ ಗಮನವನ್ನು ನಿರಾಕರಿಸಿದವರಿಗೂ ಕೊಟ್ಟದ್ದು ಈ ಅಧ್ಯಯನದ ದೊಡ್ಡ ಗುಣ. ಒಂದೇ ವೈದ್ಯಕೀಯ ಮಾಹಿತಿಯನ್ನು ವರ್ಗ, ಜನಾಂಗ, ಧರ್ಮ, ವಲಸೆಯ ಅನುಭವಗಳಿಗೆ ತಕ್ಕಂತೆ ಹೆಂಗಸರು ಬೇರೆಬೇರೆಯಾಗಿ ಅರ್ಥೈಸುತ್ತಾರೆಂದು ಅದು ತೋರಿಸಿತು. ಹಿಂದಿನ ತಲೆಮಾರುಗಳು ಎದುರಿಸದ ತೀರ್ಮಾನಗಳನ್ನು ಹೊರಬೇಕಾದ ಇವರನ್ನು ರ‍್ಯಾಪ್ 'ನೈತಿಕ ಮುಂಚೂಣಿಗರು' ಎಂದು ಕರೆದರು. ಸ್ವತಃ ಈ ಪರೀಕ್ಷೆಗೆ ಒಳಗಾಗಿ, ಫಲಿತಾಂಶದ ನಂತರ ಗರ್ಭಪಾತ ಮಾಡಿಸಿಕೊಂಡದ್ದನ್ನು ಅವರು ಬಹಿರಂಗವಾಗಿ ಬರೆದಿದ್ದಾರೆ.

ಮಾನವಶಾಸ್ತ್ರಜ್ಞೆ ಫೇ ಗಿನ್ಸ್‌ಬರ್ಗ್ ಅವರೊಡನೆ 1995ರಲ್ಲಿ ಸಂಪಾದಿಸಿದ 'ಕನ್ಸೀವಿಂಗ್ ದ ನ್ಯೂ ವರ್ಲ್ಡ್ ಆರ್ಡರ್' ಗ್ರಂಥ, ಮಾನವಶಾಸ್ತ್ರಜ್ಞೆ ಶೆಲ್ಲಿ ಕೋಲೆನ್ ರೂಪಿಸಿದ 'ಶ್ರೇಣೀಕೃತ ಸಂತಾನೋತ್ಪತ್ತಿ' ಎಂಬ ಪರಿಕಲ್ಪನೆಯನ್ನು ಬಳಕೆಗೆ ತಂದಿತು: ಕೆಲವರ ತಾಯ್ತನಕ್ಕೆ ಸಮಾಜದ ಆಸರೆ ಸಿಗುತ್ತದೆ, ಉಳಿದವರ ತಾಯ್ತನಕ್ಕೆ ಅಡ್ಡಿ. ರ‍್ಯಾಪ್, ಗಿನ್ಸ್‌ಬರ್ಗ್ ಇಬ್ಬರೂ ಮುಂದೆ ಅಂಗವಿಕಲತೆಯ ಅಧ್ಯಯನದಲ್ಲಿ ತೊಡಗಿದರು.